ಚರ್ಮ ಮುದ್ರಿಸಲು ಅರ್ಧ ಗಂಟೆ, ಜೀವಕೋಶ ಬೆಳೆಸಲು ಮೂರು ವಾರ

ಜೀವಕೋಶ ಬೆರೆತ ದ್ರವವನ್ನು ಪದರ ಪದರವಾಗಿ ಇಡುವ ಪ್ರಿಂಟರ್‌ನಲ್ಲಿ ಮನುಷ್ಯನ ಚರ್ಮವನ್ನು ತಯಾರಿಸಬಹುದು ಎಂಬುದು ಈಗ ಹೊಸ ಸುದ್ದಿಯಾಗಿ ಉಳಿದಿಲ್ಲ. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಹೊಸೆ ಲೂಯಿಸ್ ಹೊರ್ಕಾನೊ ಮತ್ತು ಸಂಗಡಿಗರು 2016ರ ಕೊನೆಗೆ ಪ್ರಕಟಿಸಿದ ಸಂಶೋಧನೆಯಲ್ಲಿ ನೂರು ಚದರ ಸೆಂಟಿಮೀಟರ್ ಚರ್ಮ ಮುದ್ರಿಸಲು ಹಿಡಿದದ್ದು 35 ನಿಮಿಷಕ್ಕಿಂತ ಕಡಿಮೆ. ಅದರಲ್ಲೂ ಅರ್ಧ ಗಂಟೆ ಹೋದದ್ದು ಮುದ್ರಿಸಿದ ಪದರ ಹೆಪ್ಪುಗಟ್ಟಲಿ ಎಂದು ಕಾಯುವುದರಲ್ಲಿ. ಇಂಥ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಹಾಗಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯ ವಿಭಾಗದಲ್ಲಿ ಇವತ್ತಿಗೂ ರೋಗಿಯ ತೊಡೆಯಿಂದಲೇ ಚರ್ಮ ಹೆರೆದು ಎದೆಗೆ ಕಸಿ ಮಾಡುತ್ತಿರುವುದೇಕೆ? ಬೆಂಗಳೂರಿನ ಮಾತಷ್ಟೇ ಅಲ್ಲ, ಬೋಸ್ಟನ್‌ನಲ್ಲೂ ಲಂಡನ್‌ನಲ್ಲೂ ಮಾಡುವುದು ಅದನ್ನೇ. ಮುದ್ರಿಸಿದ ಚರ್ಮ ಇನ್ನೂ ಎಲ್ಲಿಯೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ.

ನನಗೆ ಕಾಣುವ ಉತ್ತರ ಇಷ್ಟು: ತಡ ಆಗುತ್ತಿರುವುದು ಪ್ರಿಂಟರ್‌ನಿಂದಲ್ಲ. ಪ್ರಿಂಟರ್‌ಗೆ ತುಂಬುವ ಜೀವಕೋಶಗಳು ರೋಗಿಯ ಮೈಯಿಂದಲೇ ಬರಬೇಕು. ಅವು ಬೆಳೆಯಲು ವಾರಗಳು ಬೇಕು. ಅಂಟಿಸಿದ ಮೇಲೆ ಅವಕ್ಕೆ ರಕ್ತ ಸಿಗಬೇಕು. ಅಷ್ಟರವರೆಗೆ ರೋಗಿ ಬದುಕಿರಬೇಕು. ಕೊನೆಯದಕ್ಕೆ ಬೇಕಾದದ್ದು ಹೆಚ್ಚಾಗಿ ಹಳೆಯ, ಸರಳ ವ್ಯವಸ್ಥೆಗಳು. ಅವುಗಳ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಚರ್ಮ ಹೋದರೆ ಏನೇನು ಹೋಗುತ್ತದೆ

ದೊಡ್ಡವರ ಮೈಮೇಲಿರುವ ಚರ್ಮದ ಒಟ್ಟು ವಿಸ್ತೀರ್ಣ ಒಂದೂವರೆಯಿಂದ ಎರಡು ಚದರ ಮೀಟರ್. ಕಣ್ಣಿಗೆ ಕಾಣುವ ಹೊರಚರ್ಮ ಕಾಗದದಷ್ಟು ತೆಳು. ಅದರ ಬುಡದಲ್ಲಿರುವ ಕೆರಾಟಿನೊಸೈಟ್ ಎಂಬ ಜೀವಕೋಶಗಳು ಎಡೆಬಿಡದೆ ಹುಟ್ಟಿ, ಮೇಲೆ ಸರಿದು, ಸತ್ತು ಉದುರುತ್ತವೆ. ಸುಮಾರು ನಾಲ್ಕು ವಾರಕ್ಕೊಮ್ಮೆ ಹೊರಚರ್ಮವೆಲ್ಲ ಹೊಸದಾಗುತ್ತದೆ. ಬಣ್ಣ ಕೊಡುವ ಮೆಲನೊಸೈಟ್‌ಗಳು ಇರುವುದೂ ಈ ಬುಡದಲ್ಲೇ. ಅದರ ಕೆಳಗೆ ದಪ್ಪನೆಯ ಒಳಚರ್ಮ: ಕೊಲಾಜೆನ್ ಎಳೆಗಳು, ಆ ಎಳೆಗಳನ್ನು ನೇಯುವ ಫೈಬ್ರೊಬ್ಲಾಸ್ಟ್‌ಗಳು, ರಕ್ತನಾಳ, ನರ, ಕೂದಲ ಬುಡ, ಬೆವರಿನ ಗ್ರಂಥಿ ಎಲ್ಲ ಅಲ್ಲಿವೆ. ಅದಕ್ಕೂ ಕೆಳಗೆ ಕೊಬ್ಬು.

ಹಾಲು ಉಕ್ಕಿ ಕೈ ಮೇಲೆ ಬಿದ್ದರೆ ಬೊಕ್ಕೆ ಎದ್ದು, ಎರಡು ವಾರದಲ್ಲಿ ಕಲೆಯೂ ಉಳಿಯದೆ ಮಾಯುತ್ತದೆ. ಹೊಸ ಚರ್ಮ ಎಲ್ಲಿಂದ ಬಂತು? ಕೂದಲ ಬುಡ ಮತ್ತು ಬೆವರಿನ ನಾಳಗಳ ಒಳಗೋಡೆಯಲ್ಲಿ ಉಳಿದುಕೊಂಡ ಕೆರಾಟಿನೊಸೈಟ್‌ಗಳು ಮೇಲೆ ಹರಡಿಕೊಂಡದ್ದರಿಂದ. ಬೆಂಕಿ ಅಷ್ಟು ಆಳಕ್ಕೂ ಇಳಿದು ಈ ಬುಡಗಳನ್ನೇ ಸುಟ್ಟರೆ, ಗಾಯ ಅಂಚಿನಿಂದ ಮಾತ್ರ ಮುಚ್ಚಿಕೊಳ್ಳಬೇಕು. ಅಂಗೈಯಗಲದ ಗಾಯಕ್ಕೇ ಅದು ತಿಂಗಳುಗಳ ಕೆಲಸ. ಈ ನಡುವೆ ಮೈಯ ನೀರು, ಉಪ್ಪು, ಪ್ರೋಟೀನ್ ತೆರೆದ ಗಾಯದಿಂದ ಸೋರುತ್ತವೆ, ರೋಗಾಣುಗಳು ಒಳಗೆ ಬರುತ್ತವೆ. ಮೊದಲ ಕೆಲವು ದಿನ ದಾಟಿದ ರೋಗಿಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ನಂಜು.

ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಡೀ ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 1,80,000 ಜನ ಸುಟ್ಟಗಾಯದಿಂದ ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ನಮ್ಮಲ್ಲಿ ಅಡುಗೆಮನೆಯ ಬೆಂಕಿಗೆ, ಹಚ್ಚಿದ ಬೆಂಕಿಗೆ ಸಿಕ್ಕವರಲ್ಲಿ ಹೆಂಗಸರು ಎಷ್ಟು ಮಂದಿ ಎಂಬುದನ್ನು ಯಾವ ಸುಟ್ಟಗಾಯ ವಾರ್ಡಿನ ದಾದಿಯನ್ನು ಕೇಳಿದರೂ ಗೊತ್ತಾಗುತ್ತದೆ. ಆ ಕಾರಣಕ್ಕೇ ಇದನ್ನು ಬರೀ ತಂತ್ರಜ್ಞಾನದ ವಿಷಯವೆಂದು ನೋಡಲು ನನಗೆ ಮನಸ್ಸು ಬರುವುದಿಲ್ಲ.

ಈಗ ಮ್ಯಾಡ್ರಿಡ್‌ನ ಅಂಕಿಗೆ ಮರಳೋಣ. ಬೆರಳುಗಳೂ ಸೇರಿದಂತೆ ರೋಗಿಯ ಒಂದು ಅಂಗೈ ಅವರ ಮೈಯ ಸುಮಾರು ಶೇ 1ರಷ್ಟು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ದೊಡ್ಡವರಲ್ಲಿ ಅದು ಸುಮಾರು 150ರಿಂದ 200 ಚದರ ಸೆಂಟಿಮೀಟರ್. ಅಂದರೆ 35 ನಿಮಿಷದಲ್ಲಿ ಸಿದ್ಧವಾದದ್ದು ಒಂದು ಅಂಗೈಗೂ ಸಾಲದಷ್ಟು ಚರ್ಮ. ಮೈ ಶೇ 40ರಷ್ಟು ಸುಟ್ಟವರಿಗೆ ನಲವತ್ತು ಅಂಗೈ ಚರ್ಮ ಬೇಕು. ಯಂತ್ರಗಳನ್ನು ದೊಡ್ಡದು ಮಾಡಿದರೆ, ಸಂಖ್ಯೆ ಹೆಚ್ಚಿಸಿದರೆ ಈ ಅಂತರ ತುಂಬಬಹುದು. ಜೀವಕೋಶಗಳ ಅಂತರ ಹಾಗೆ ತುಂಬುವುದಿಲ್ಲ.

ತನ್ನ ಚರ್ಮವೇ ತನಗೆ

ಮೂಗು ಕಳೆದುಕೊಂಡವರಿಗೆ ಅವರ ಚರ್ಮದಿಂದಲೇ ಹೊಸ ಮೂಗು ಕಟ್ಟುವ ವಿದ್ಯೆ ನಮ್ಮ ನೆಲದಲ್ಲಿ ಹಳೆಯದು. ಸುಶ್ರುತ ಸಂಹಿತೆಯಲ್ಲಿ ಅದರ ವಿವರವಿದೆ. ಯುರೋಪಿಗೆ ಇದು ಚೆನ್ನಾಗಿ ಗೊತ್ತಾದದ್ದಕ್ಕೆ ಮೈಸೂರು ಯುದ್ಧದ ನಂಟಿದೆ. 1792ರ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬವನನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಮೂಗು ಕೊಯ್ದಿದ್ದರು. ಪುಣೆಯ ಬಳಿ ಒಬ್ಬ ನಾಟಿ ಶಸ್ತ್ರವೈದ್ಯ ಅವನ ಹಣೆಯ ಚರ್ಮವನ್ನು ಇಳಿಸಿ ಮೂಗು ಕಟ್ಟಿದ. ಆ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಅಲ್ಲಿನ ಶಸ್ತ್ರವೈದ್ಯರು ಅದನ್ನು ಓದಿ ಕಲಿತರು. ಹಣೆಯ ಚರ್ಮ ಹಿಡಿದದ್ದೇಕೆಂದರೆ ಅದು ಅವನದೇ ಚರ್ಮ, ಅದರ ರಕ್ತನಾಳದ ತೊಟ್ಟನ್ನು ಕಡಿಯದೆ ತಿರುಗಿಸಿ ಕೂರಿಸಿದ್ದರು. ಸ್ವಂತದ ಜೀವಕೋಶ ಮತ್ತು ರಕ್ತದ ಪೂರೈಕೆ, ಈ ಎರಡು ಷರತ್ತು ಇವತ್ತಿನ ಪ್ರಿಂಟರ್‌ಗೂ ತಪ್ಪಿಲ್ಲ.

ಸುಟ್ಟಗಾಯದಲ್ಲಿ ಈಗ ನಡೆಯುವ ಮುಖ್ಯ ಚಿಕಿತ್ಸೆ ತೆಳು ಚರ್ಮದ ಕಸಿ. ತೊಡೆ ಅಥವಾ ಬೆನ್ನಿನಿಂದ ಹೊರಚರ್ಮವನ್ನೂ ಒಳಚರ್ಮದ ಸ್ವಲ್ಪ ಪಾಲನ್ನೂ ಹೆರೆದು ತೆಗೆಯುತ್ತಾರೆ. ಅದನ್ನು ಯಂತ್ರದಲ್ಲಿ ಹಾಯಿಸಿ ಬಲೆಯಂತೆ ತೂತು ಕೊರೆದು ಎಳೆದರೆ ಒಂದೂವರೆ ಪಟ್ಟು, ಮೂರು ಪಟ್ಟು ಜಾಗಕ್ಕೆ ಸಾಕಾಗುತ್ತದೆ. ಗಾಯದ ಮೇಲೆ ಹಾಸಿ ಐದಾರು ದಿನ ಅಲುಗದಂತೆ ಇಟ್ಟರೆ ಕೆಳಗಿನ ರಕ್ತನಾಳಗಳು ಒಳಗೆ ಬೆಳೆದು ಚರ್ಮ ಹಿಡಿಯುತ್ತದೆ. ಇದು ಜೀವ ಉಳಿಸುವ ಚಿಕಿತ್ಸೆ, ಆದರೆ ರೋಗಿ ಇದಕ್ಕೆ ತೆರುವ ಬೆಲೆ ದೊಡ್ಡದು. ಹೆರೆದ ಜಾಗವೂ ಒಂದು ಹೊಸ ಗಾಯ. ಎಷ್ಟೋ ರೋಗಿಗಳಿಗೆ ಸುಟ್ಟ ಗಾಯಕ್ಕಿಂತ ಹೆರೆದ ತೊಡೆಯ ಉರಿಯೇ ಹೆಚ್ಚು. ಕಸಿ ಮಾಡಿದ ಚರ್ಮ ವರ್ಷಗಳವರೆಗೆ ಸೆಟೆದುಕೊಂಡು ಕುತ್ತಿಗೆ ತಿರುಗದಂತೆ, ಮೊಣಕೈ ಚಾಚದಂತೆ ಮಾಡುತ್ತದೆ. ಮೈಯ ಮುಕ್ಕಾಲು ಪಾಲು ಸುಟ್ಟಿದ್ದರೆ ಹೆರೆಯಲು ಜಾಗವೇ ಉಳಿದಿರುವುದಿಲ್ಲ.

ಈ ಬಿಕ್ಕಟ್ಟಿಗೆ ದಾರಿ ತೋರಿಸಿದವರು ಅಮೆರಿಕದ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್. ಮನುಷ್ಯರ ಕೆರಾಟಿನೊಸೈಟ್‌ಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಅವರು 1975ರಲ್ಲಿ ಪ್ರಕಟಿಸಿದರು. 1983ರಲ್ಲಿ ಮೈಯ ಶೇ 95ಕ್ಕೂ ಹೆಚ್ಚು ಭಾಗ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರನ್ನು ಬೋಸ್ಟನ್‌ಗೆ ತಂದರು. ಉಳಿದ ಚೂರು ಚರ್ಮದಿಂದ ಹಾಳೆ ಹಾಳೆಯಾಗಿ ಹೊರಚರ್ಮ ಬೆಳೆಸಿ ಅವರ ಮೈಗೆ ಹೊದಿಸಿದರು. ಇಬ್ಬರೂ ಬದುಕಿದರು. ಜೀವಕೋಶ ಬೆಳೆಸಿ ಜೀವ ಉಳಿಸಬಹುದು ಎಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಪ್ರಕರಣಗಳಲ್ಲಿ ಇದೊಂದು. ಆಗ ಮುದ್ರಣದ ಮಾತೇ ಇರಲಿಲ್ಲ ಎಂಬುದನ್ನು ನೆನಪಿಡಬೇಕು.

ಅದರ ಮಿತಿಗಳೂ ಬೇಗ ಗೊತ್ತಾದವು. ಹಾಳೆ ಸಿದ್ಧವಾಗಲು ಮೂರು ವಾರ ಬೇಕು. ಸಿದ್ಧವಾದದ್ದು ಹೊರಚರ್ಮ ಮಾತ್ರ. ಕೆಳಗೆ ಒಳಚರ್ಮ ಇಲ್ಲದಿದ್ದರೆ ಸರಿಯಾಗಿ ಅಂಟುವುದಿಲ್ಲ, ಸ್ವಲ್ಪ ಉಜ್ಜಿದರೂ ಬೊಕ್ಕೆ ಏಳುತ್ತದೆ. ಒಳಚರ್ಮದ ಕಡೆಯಿಂದ ಹೊರಟವರು ಬೇರೆ ದಾರಿ ಹಿಡಿದಿದ್ದರು. ಯಾನಿಸ್ ಯಾನಾಸ್ ಮತ್ತು ಜಾನ್ ಬರ್ಕ್ ದನದ ಕೊಲಾಜೆನ್‌ಗೆ ಶಾರ್ಕ್ ಮೀನಿನ ಮೆದುಮೂಳೆಯಿಂದ ತೆಗೆದ ವಸ್ತು ಸೇರಿಸಿ, ಮೇಲೆ ಸಿಲಿಕೋನ್ ಹಾಳೆ ಹೊದಿಸಿ, ಹೊಸ ಒಳಚರ್ಮ ಬೆಳೆದುಕೊಳ್ಳಲು ಒಂದು ಹಂದರ ಮಾಡಿದರು. ಇಂಟೆಗ್ರಾ ಎಂಬ ಹೆಸರಿನಲ್ಲಿ ಅದಕ್ಕೆ 1996ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು, ಇಂದಿಗೂ ಬಳಕೆಯಲ್ಲಿದೆ. ಆಸ್ಟ್ರೇಲಿಯಾದ ಪರ್ತ್‌ನ ಶಸ್ತ್ರವೈದ್ಯೆ ಫಿಯೋನಾ ವುಡ್ ಜೀವಕೋಶಗಳನ್ನು ಹಾಳೆಯಾಗಿ ಬೆಳೆಸುವ ಬದಲು ಗಾಯದ ಮೇಲೆ ಸಿಂಪಡಿಸುವ ವಿಧಾನ ತಂದರು. 2002ರ ಬಾಲಿ ಬಾಂಬ್ ಸ್ಫೋಟದ ಗಾಯಾಳುಗಳಿಗೆ ಅವರ ತಂಡ ಚಿಕಿತ್ಸೆ ಕೊಟ್ಟದ್ದರಿಂದ ಅದು ಜಗತ್ತಿಗೆ ಗೊತ್ತಾಯಿತು. ಅದರ ಈಗಿನ ರೂಪದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮದಿಂದ 80 ಚದರ ಸೆಂಟಿಮೀಟರ್ ಗಾಯಕ್ಕೆ ಸಾಲುವಷ್ಟು ಜೀವಕೋಶ ತೆಗೆಯುತ್ತಾರೆ, ಅದೂ ಆಪರೇಷನ್ ಥಿಯೇಟರ್‌ನಲ್ಲೇ. ಅದಕ್ಕೆ 2018ರಲ್ಲಿ ಅಮೆರಿಕದ ಅನುಮತಿ ಬಂತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಬೆರಗಿನದು 2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ ನಡೆದದ್ದು. ಹುಟ್ಟಿನಿಂದಲೇ ಮುಟ್ಟಿದಲ್ಲೆಲ್ಲ ಚರ್ಮ ಕಳಚುವ ಆನುವಂಶಿಕ ಕಾಯಿಲೆಯ ಏಳು ವರ್ಷದ ಹುಡುಗನೊಬ್ಬ ಸಾವಿನ ಅಂಚಿನಲ್ಲಿದ್ದ. ಇಟಲಿಯ ಮಿಕೆಲೆ ದೆ ಲೂಕಾ ಅವರ ತಂಡ ಅವನ ಜೀವಕೋಶಗಳ ಜೀನ್ ದೋಷ ಸರಿಪಡಿಸಿ, ಹಾಳೆಯಾಗಿ ಬೆಳೆಸಿ, ಮೈಯ ಸುಮಾರು ಶೇ 80ರಷ್ಟು ಹೊರಚರ್ಮವನ್ನು ಬದಲಿಸಿತು. ಹುಡುಗ ಶಾಲೆಗೆ ಮರಳಿದ. ಅದರಲ್ಲೂ ಪ್ರಿಂಟರ್ ಇರಲಿಲ್ಲ.

ಹಾಗಾದರೆ ಪ್ರಿಂಟರ್ ಯಾಕೆ

ಚರ್ಮದಲ್ಲಿ ಯಾವ ಜೀವಕೋಶ ಎಲ್ಲಿದೆ ಎಂಬುದು ಮುಖ್ಯ. ಸಿಂಪಡಿಸಿದರೆ ಎಲ್ಲ ಬೆರೆತು ಬೀಳುತ್ತವೆ. ತಟ್ಟೆಯಲ್ಲಿ ಬೆಳೆಸಿದರೆ ಒಂದು ಬಗೆಯ ಹಾಳೆ ಸಿಗುತ್ತದೆ. ಫೈಬ್ರೊಬ್ಲಾಸ್ಟ್ ಕೆಳಗೆ, ಕೆರಾಟಿನೊಸೈಟ್ ಮೇಲೆ, ನಡುವೆ ಮೆಲನೊಸೈಟ್, ಇಷ್ಟಿಷ್ಟು ದೂರದಲ್ಲಿ ರಕ್ತನಾಳದ ಜೀವಕೋಶ ಎಂದು ಜಾಗ ಗೊತ್ತುಮಾಡಿ ಇಡಬಲ್ಲದ್ದು ಮುದ್ರಣ. ಗಾಯವನ್ನು ಸ್ಕ್ಯಾನ್ ಮಾಡಿದರೆ ಎಲ್ಲಿ ಎಷ್ಟು ಆಳವಿದೆಯೋ ಅಲ್ಲಿ ಅಷ್ಟೇ ದಪ್ಪ ತುಂಬಬಹುದು. ಮೂಗು, ಕಿವಿ, ಬೆರಳ ಸಂದಿಯಂಥ ಜಾಗಗಳಿಗೆ ಇದು ದೊಡ್ಡ ಅನುಕೂಲ.

ಜೀವಕೋಶಗಳನ್ನು ಹೊತ್ತೊಯ್ಯುವ ದ್ರವಕ್ಕೆ ಬಯೋಇಂಕ್ ಎನ್ನುತ್ತಾರೆ. ಜೆಲಾಟಿನ್, ಕಡಲಪಾಚಿಯ ಆಲ್ಜಿನೇಟ್, ಕೊಲಾಜೆನ್, ರಕ್ತದ ಪ್ಲಾಸ್ಮಾದಿಂದ ಬರುವ ಫೈಬ್ರಿನ್ ಇದರಲ್ಲಿ ಸಾಮಾನ್ಯ. ಇಂಕು ಸೂಜಿಯಿಂದ ಇಳಿಯುವಾಗ ನೀರಾಗಿರಬೇಕು, ಇಳಿದ ಕೂಡಲೇ ನಿಲ್ಲುವಷ್ಟು ಗಟ್ಟಿಯಾಗಬೇಕು. ತೀರಾ ಗಟ್ಟಿ ಇದ್ದರೆ ಸೂಜಿಯ ಒತ್ತಡಕ್ಕೆ ಜೀವಕೋಶಗಳು ಒಡೆದು ಸಾಯುತ್ತವೆ, ತೀರಾ ತೆಳು ಇದ್ದರೆ ಹರಿದು ಹೋಗುತ್ತದೆ. ಈ ಹದ ಹುಡುಕುವುದರಲ್ಲೇ ಎಷ್ಟೋ ಪ್ರಯೋಗಾಲಯಗಳ ವರ್ಷಗಳು ಹೋಗಿವೆ. ಮುದ್ರಿಸಿ ಮುಗಿದಾಗ ಕೈಗೆ ಸಿಗುವುದು ಜೀವಕೋಶ ತುಂಬಿದ ಮೆತ್ತನೆಯ ಪದರ, ಚರ್ಮವಿನ್ನೂ ಅಲ್ಲ. ಕೆಳಗಿನಿಂದ ಪೋಷಕ ದ್ರವ, ಮೇಲಿನಿಂದ ಗಾಳಿ ಸಿಗುವಂತೆ ವಾರಗಟ್ಟಲೆ ಇಟ್ಟರೆ ಮಾತ್ರ ಮೇಲ್ಪದರ ಬಲಿಯುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸಲು ನೇರವಾಗಿ ಗಾಯದ ಮೇಲೇ ಮುದ್ರಿಸುವ ಪ್ರಯತ್ನ ನಡೆದಿದೆ. ಅಮೆರಿಕದ ವೇಕ್ ಫಾರೆಸ್ಟ್ ಸಂಸ್ಥೆಯಲ್ಲಿ ಆಂಥೊನಿ ಅಟಾಲಾ ಅವರ ತಂಡ ರೋಗಿಯ ಹಾಸಿಗೆ ಬಳಿ ತಳ್ಳಿಕೊಂಡು ಹೋಗಬಲ್ಲ ಯಂತ್ರದಿಂದ ಇಲಿ ಮತ್ತು ಹಂದಿಗಳ ಗಾಯದ ಮೇಲೆ ಅವುಗಳಿಗೆ ಬೇಕಾದ ಪದರಗಳನ್ನು ಮುದ್ರಿಸಿ 2019ರಲ್ಲಿ ವರದಿ ಮಾಡಿತು. ಟೊರೊಂಟೊದಲ್ಲಿ ಆಕ್ಸೆಲ್ ಗುಂಥರ್ ಅವರ ತಂಡ 2018ರಲ್ಲಿ ಒಂದು ಕಿಲೋಗಿಂತ ಹಗುರವಾದ, ಕೈಯಲ್ಲಿ ಹಿಡಿದು ಗಾಯದ ಮೇಲೆ ಉರುಳಿಸುವ ಪ್ರಿಂಟರ್ ತೋರಿಸಿತು. ಸಿಡ್ನಿಯ ಕಾನ್ಕಾರ್ಡ್ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆಯೇ ಇಂಥದ್ದರ ಮೊದಲ ಹಂತದ ಪರೀಕ್ಷೆ ಶುರುವಾಗಿದೆ. ಮೊದಲ ಹಂತದಲ್ಲಿ ನೋಡುವುದು ಇದರಿಂದ ಹಾನಿಯಿಲ್ಲವೇ ಎಂಬುದನ್ನು. ಹಳೆಯ ಕಸಿಗಿಂತ ಇದು ಮೇಲೋ ಎಂಬುದು ಆಮೇಲಿನ ಪ್ರಶ್ನೆ.

ವೇಕ್ ಫಾರೆಸ್ಟ್ ತಂಡದ 2023ರ ಕೆಲಸ ಇನ್ನೂ ಒಂದು ಹೆಜ್ಜೆ ಮುಂದಿನದು. ಕೆರಾಟಿನೊಸೈಟ್, ಮೆಲನೊಸೈಟ್, ಫೈಬ್ರೊಬ್ಲಾಸ್ಟ್, ಕೂದಲ ಬುಡದ ಜೀವಕೋಶ, ರಕ್ತನಾಳದ ಜೀವಕೋಶ, ಕೊಬ್ಬಿನ ಜೀವಕೋಶ ಹೀಗೆ ಮನುಷ್ಯರ ಆರು ಬಗೆಯ ಜೀವಕೋಶಗಳನ್ನು ಮೂರು ಪದರದಲ್ಲಿ ಮುದ್ರಿಸಿ ಇಲಿಗಳಿಗೆ ಕಸಿ ಮಾಡಿದಾಗ ಅದರೊಳಗೆ ರಕ್ತನಾಳಗಳು ಮೂಡಿದವು. ನ್ಯೂಯಾರ್ಕ್ ರಾಜ್ಯದ ರೆನ್ಸಲೇರ್ ಸಂಸ್ಥೆಯಲ್ಲಿ ಪಂಕಜ್ ಕರಾಂಡೆ ಅವರ ತಂಡ 2019ರಲ್ಲೇ ಮುದ್ರಿತ ಚರ್ಮದ ರಕ್ತನಾಳಗಳು ಇಲಿಯ ರಕ್ತನಾಳಕ್ಕೆ ಕೂಡಿಕೊಳ್ಳುವುದನ್ನು ತೋರಿಸಿತ್ತು. ರಕ್ತನಾಳಕ್ಕೆ ಇಷ್ಟೊಂದು ಒತ್ತು ಯಾಕೆಂದರೆ, ನಾಳದಿಂದ ಒಂದು ಮಿಲಿಮೀಟರ್‌ನ ಹತ್ತನೇ ಒಂದೆರಡು ಭಾಗಕ್ಕಿಂತ ದೂರ ಇರುವ ಜೀವಕೋಶಕ್ಕೆ ಆಮ್ಲಜನಕ ತಲುಪುವುದಿಲ್ಲ. ತೆಳು ಕಸಿ ಬದುಕುವುದೂ ದಪ್ಪ ಕಸಿ ಕಪ್ಪಾಗಿ ಉದುರುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ಗಡಿಯಾರ ಮತ್ತು ಗಾಯ

ಬೇರೆಯವರ ಕೆರಾಟಿನೊಸೈಟ್ ಇಟ್ಟರೆ ಮೈ ಅದನ್ನು ಕೆಲವು ವಾರಗಳಲ್ಲಿ ತಿರಸ್ಕರಿಸುತ್ತದೆ. ಶಾಶ್ವತವಾಗಿ ನಿಲ್ಲುವ ಚರ್ಮ ಬೇಕಾದರೆ ರೋಗಿಯದೇ ಜೀವಕೋಶ ಬೇಕು. ಬೆರಳ ಉಗುರಿನಗಲದ ಚೂರಿನಿಂದ ನಲವತ್ತು ಅಂಗೈಗೆ ಸಾಲುವಷ್ಟು ಜೀವಕೋಶ ಆಗಬೇಕಾದರೆ ಅವು ಮತ್ತೆ ಮತ್ತೆ ಇಬ್ಭಾಗವಾಗಬೇಕು. ಭತ್ತದ ಸಸಿ ಮಡಿಯಲ್ಲಿ ಮೂರು ವಾರ ಬೆಳೆಯದೆ ನಾಟಿಗೆ ಬರುವುದಿಲ್ಲವಲ್ಲ, ಇದೂ ಹಾಗೇ. ನಾಟಿ ಯಂತ್ರ ಎಷ್ಟೇ ವೇಗದ್ದಾದರೂ ಮಡಿಯ ಕಾಲ ಕಡಿಮೆಯಾಗದು. ಮುದ್ರಣದ ವೇಗದ ಬಗ್ಗೆ ಬರುವ ಸುದ್ದಿಗಳು ಈ ಮಡಿಯ ಕಾಲವನ್ನು ಹೇಳುವುದೇ ಇಲ್ಲ.

ಇತ್ತ ರೋಗಿಯ ಮೈ ಆ ಮೂರು ವಾರ ಕಾಯುವುದಿಲ್ಲ. ಆಳವಾಗಿ ಸುಟ್ಟ ಚರ್ಮವನ್ನು ಮೊದಲ ಕೆಲವು ದಿನಗಳಲ್ಲೇ ಕೊಯ್ದು ತೆಗೆದು, ಜಾಗವನ್ನು ಮುಚ್ಚಿದರೆ ಬದುಕುವ ಸಾಧ್ಯತೆ ಹೆಚ್ಚು. ಯಾವುದರಿಂದ ಮುಚ್ಚುವುದು? ಇದಕ್ಕೆ ಈವರೆಗೆ ಗೊತ್ತಿರುವ ಒಳ್ಳೆಯ ಉತ್ತರ ತೀರಿಕೊಂಡವರು ದಾನ ಮಾಡಿದ ಚರ್ಮ. ಅದು ಗಾಯಕ್ಕೆ ಅಂಟಿಕೊಂಡು ನೀರು ಸೋರದಂತೆ, ನಂಜಾಗದಂತೆ ತಡೆಯುತ್ತದೆ, ನೋವು ಕಡಿಮೆ ಮಾಡುತ್ತದೆ. ಎರಡು ಮೂರು ವಾರದ ಮೇಲೆ ಮೈ ಅದನ್ನು ಹೊರಹಾಕುತ್ತದೆ. ಜೀವಕೋಶ ಬೆಳೆಸಲು ಬೇಕಾದ ಕಾಲವೂ ಸುಮಾರು ಅಷ್ಟೇ ಎಂಬುದನ್ನು ಗಮನಿಸಿ. ದಾನದ ಚರ್ಮ ಮುಚ್ಚಿಟ್ಟ ಅವಧಿಯಲ್ಲೇ ರೋಗಿಯದೇ ಚರ್ಮ ಸಿದ್ಧವಾಗಬಹುದು. ಹಾಗಾಗಿ ದಾನದ ಚರ್ಮವನ್ನು ಕಾದಿಡುವ ಚರ್ಮ ಬ್ಯಾಂಕ್ ಹಳೆಯ ಕಾಲದ್ದು, ಪ್ರಿಂಟರ್ ಮುಂದಿನ ಕಾಲದ್ದು ಎಂದು ನೋಡುವುದು ತಪ್ಪು. ಚರ್ಮ ಬ್ಯಾಂಕ್ ಇಲ್ಲದ ಊರಿಗೆ ಪ್ರಿಂಟರ್ ತಂದಿಟ್ಟರೆ, ದೊಡ್ಡ ಸುಟ್ಟಗಾಯದ ರೋಗಿಗೆ ಅದು ದಕ್ಕುವುದು ಕಷ್ಟ.

ಚರ್ಮ ಹಿಡಿದು ಗಾಯ ಮುಚ್ಚಿದ ಮೇಲೂ ಬಾಕಿ ಉಳಿಯುವುದು ಬೆವರು. ಕಸಿ ಮಾಡಿದ ತೆಳು ಚರ್ಮದಲ್ಲಿ ಬೆವರಿನ ಗ್ರಂಥಿ ಇಲ್ಲ, ಮುದ್ರಿತ ಚರ್ಮದಲ್ಲೂ ಕೆಲಸ ಮಾಡುವ ಗ್ರಂಥಿಯನ್ನು ಇನ್ನೂ ಮನುಷ್ಯರಿಗೆ ಕೊಡಲಾಗಿಲ್ಲ. ಮೈಯ ಅರ್ಧದಷ್ಟು ಕಸಿಯಾದವರು ಬದುಕಿಡೀ ಉಳಿದರ್ಧದಿಂದಲೇ ಬೆವರಬೇಕು. ಯುರೋಪಿನ ತಂಪಿನಲ್ಲಿ ಇದು ಸಣ್ಣ ತೊಂದರೆಯಾಗಿ ಕಾಣಬಹುದು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ಹೊಲದ ಕೆಲಸಕ್ಕೆ ಹೋಗಲೇಬೇಕಾದ ಹೆಂಗಸಿಗೆ ಇದು ಅನ್ನದ ಪ್ರಶ್ನೆ. ಸಂಶೋಧನೆಯ ಆದ್ಯತೆಗಳನ್ನು ಯಾರ ಮೈ ನೆನೆದು ಗೊತ್ತುಮಾಡುತ್ತೇವೆ ಎಂಬುದು ಇಂಥಲ್ಲಿ ಕಾಣುತ್ತದೆ. ಬಣ್ಣದ ವಿಷಯವೂ ಹಾಗೆಯೇ. ಗೋಧಿ ಬಣ್ಣದ, ಕಪ್ಪು ಮೈಯ ಮುಖದ ಮೇಲೆ ಬಿಳಿಚಿದ ಅಥವಾ ಕಂದಿದ ತೇಪೆ ಎದ್ದು ಕಾಣುತ್ತದೆ. ಅದನ್ನು ಹೊತ್ತವರು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಡುತ್ತಾರೆ. ಮೆಲನೊಸೈಟ್‌ಗಳನ್ನು ಲೆಕ್ಕ ಹಾಕಿ ಇಡಬಲ್ಲ ಮುದ್ರಣ ನಮ್ಮಂಥವರಿಗೆ ನಿಜಕ್ಕೂ ಹೆಚ್ಚು ಕೊಡಬಲ್ಲದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ತೊನ್ನಿಗೆ ರೋಗಿಯದೇ ಬಣ್ಣದ ಜೀವಕೋಶಗಳನ್ನು ತೆಗೆದು ಹಚ್ಚುವ ಶಸ್ತ್ರಚಿಕಿತ್ಸೆಯಲ್ಲಿ ಭಾರತದ ಚರ್ಮವೈದ್ಯರಿಗೆ ಈಗಾಗಲೇ ಪಳಗಿದ ಕೈಯಿದೆ.

ಮೊದಲು ಯಾರಿಗೆ ದಕ್ಕಬಹುದು

ಚರ್ಮದ ಮುದ್ರಣ ಮೊದಲು ನೆಲೆಯೂರಿದ ಜಾಗಗಳಲ್ಲಿ ಒಂದು ಸೌಂದರ್ಯವರ್ಧಕ ಕಂಪನಿಗಳ ಪ್ರಯೋಗಾಲಯ. ಪ್ರಾಣಿಗಳ ಮೇಲೆ ಸೌಂದರ್ಯವರ್ಧಕ ಪರೀಕ್ಷಿಸುವುದನ್ನು ಯುರೋಪ್ ಒಕ್ಕೂಟ 2013ರ ಹೊತ್ತಿಗೆ ಪೂರ್ತಿಯಾಗಿ, ಭಾರತ 2014ರಲ್ಲಿ ನಿಷೇಧಿಸಿದವು. ಆಮೇಲೆ ಪರೀಕ್ಷೆಗೆ ಮನುಷ್ಯರ ಚರ್ಮದಂಥದ್ದೇ ಬೇಕಾಯಿತು. ಲಾರಿಯಲ್ ಕಂಪನಿ 2015ರಲ್ಲೇ ಆರ್ಗನೋವೊ ಎಂಬ ಬಯೋಪ್ರಿಂಟಿಂಗ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ತಟ್ಟೆಯಲ್ಲಿರುವ ಚರ್ಮ ಯಾರ ಮೈಮೇಲೂ ಹಿಡಿಯಬೇಕಿಲ್ಲ, ರಕ್ತ ಬೇಡ, ಬೆವರು ಬೇಡ. ಕೆಲಸ ಸುಲಭ.

ರೋಗಿಗಳಲ್ಲಿ ಮೊದಲ ಸರದಿ ಬಹುಶಃ ದೊಡ್ಡ ಸುಟ್ಟಗಾಯದವರದಾಗಿರಲಾರದು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನದಾಗಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೇಶವ್ಯಾಪಿ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂಥವರಲ್ಲಿ ಐದರಲ್ಲಿ ಒಬ್ಬರಿಗಾದರೂ ಬದುಕಿನ ಒಂದಲ್ಲ ಒಂದು ಹೊತ್ತಿಗೆ ಕಾಲಿನ ಹುಣ್ಣು ಆಗುವ ಸಂಭವವಿದೆ. ಇಂಥ ಹುಣ್ಣು ಚಿಕ್ಕದು, ಆಳವಾದದ್ದು, ತಿಂಗಳುಗಟ್ಟಲೆ ಮಾಯದ್ದು. ಹಾಗಾಗಿ ಜೀವಕೋಶ ಕಡಿಮೆ ಸಾಕು, ಕಾಯಲು ಸಮಯವೂ ಇದೆ. ದಕ್ಷಿಣ ಕೊರಿಯಾದ ರೋಕಿಟ್ ಹೆಲ್ತ್‌ಕೇರ್ ಕಂಪನಿ ರೋಗಿಯದೇ ಕೊಬ್ಬನ್ನು ತೆಗೆದು, ಹುಣ್ಣಿನ ಆಕಾರಕ್ಕೆ ಮುದ್ರಿಸಿ ಹಾಕುವ ವಿಧಾನದಲ್ಲಿ ಈ ದಾರಿಯನ್ನೇ ಹಿಡಿದಿದೆ. ಇಲ್ಲೂ ಒಂದು ಮಾತು ಹೇಳಲೇಬೇಕು. ಕಾಲಿಗೆ ರಕ್ತ ಹರಿಯುತ್ತಿಲ್ಲದಿದ್ದರೆ, ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ಹುಣ್ಣಿನ ಮೇಲೆ ಭಾರ ಬೀಳುವುದು ತಪ್ಪದಿದ್ದರೆ, ಎಂಥ ಚರ್ಮ ಹಾಕಿದರೂ ನಿಲ್ಲದು.

ಭಾರತದಲ್ಲಿ ಕೆಲಸ ಇಲ್ಲವೆಂದಲ್ಲ. ಐಐಟಿ ದೆಹಲಿಯ ಸೌರಭ್ ಘೋಷ್ ಅವರ ತಂಡ ರೇಷ್ಮೆಯ ಫೈಬ್ರೊಯಿನ್ ಪ್ರೋಟೀನ್ ಮತ್ತು ಜೆಲಾಟಿನ್ ಬೆರೆಸಿದ ಇಂಕಿನಿಂದ ಪೂರ್ಣ ದಪ್ಪದ ಚರ್ಮದ ಮಾದರಿ ಮುದ್ರಿಸಿದೆ. ದೇಶದಲ್ಲೇ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಿಗೆ ಬರುವ ಗೂಡಿಗೆ ಸೀರೆಯ ಆಚೆಗೂ ಒಂದು ಬೆಲೆ ಬರಬಹುದೇ ಎಂದು ನಮ್ಮ ರೇಷ್ಮೆ ಸಂಶೋಧನಾ ಸಂಸ್ಥೆಗಳು ಗಂಭೀರವಾಗಿ ಕೇಳಿಕೊಳ್ಳಬೇಕು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಪಂಡೋರಂ ಕಂಪನಿ 2015ರಲ್ಲಿ ಯಕೃತ್ತಿನ ಅಂಗಾಂಶ ಮುದ್ರಿಸಿ ಹೆಸರಾಯಿತು, ಆಮೇಲೆ ಕಣ್ಣಿನ ಕಾರ್ನಿಯಾದ ಕಡೆ ಹೊರಳಿತು.

ಆದರೂ ಈ ಹೊತ್ತಿಗೆ ಬಡ ರೋಗಿಗೆ ಹೆಚ್ಚು ನೆರವಾಗುತ್ತಿರುವುದು ಇಷ್ಟು ಸದ್ದು ಮಾಡದ ಕೆಲಸಗಳು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು ಕೊಲೆಡರ್ಮ್ ಎಂಬ ಗಾಯದ ಹೊದಿಕೆ ಮಾಡಿತು. ಅದಕ್ಕೆ 2023ರಲ್ಲಿ ಕೇಂದ್ರದ ಅನುಮತಿ ಸಿಕ್ಕಿತು. ಇದರಿಂದ ಚಿಕಿತ್ಸೆಯ ವೆಚ್ಚ 10,000 ರೂಪಾಯಿಯಿಂದ 2,000 ರೂಪಾಯಿಗೆ ಇಳಿಯಬಹುದು ಎಂದು ಸರ್ಕಾರ ಹೇಳಿದೆ. ಮುಂಬೈನಲ್ಲಿ ಮನೋಹರ್ ಕೇಸ್ವಾನಿ 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನು ಸುಟ್ಟಗಾಯದ ಹೊದಿಕೆಯಾಗಿ ಬಳಸಿ ನೋಡಿದರು. ಅದೇ ಊರಿನ ಸಯನ್ ಆಸ್ಪತ್ರೆಯಲ್ಲಿ ಮಾಧುರಿ ಗೋರೆ ಬಾಳೆ ಎಲೆಯನ್ನು ಶುದ್ಧೀಕರಿಸಿ ಅದೇ ಕೆಲಸಕ್ಕೆ ಬಳಸಿದರು. ಎಲೆ ಗಾಯಕ್ಕೆ ಅಂಟುವುದಿಲ್ಲ, ತೆಗೆಯುವಾಗ ನೋವಿಲ್ಲ, ಸಿಪ್ಪೆಗಿಂತಲೂ ಅಗ್ಗ ಎಂದು 2003ರಲ್ಲಿ ವರದಿ ಮಾಡಿದರು. ಸಯನ್ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮ ಬ್ಯಾಂಕ್ ಶುರುಮಾಡಿದವರೂ ಅವರೇ. ಮುದ್ರಿತ ಚರ್ಮದ ಬಗ್ಗೆ ಬರೆಯುವಾಗ ಈ ಹೆಸರುಗಳನ್ನು ಬಿಡುವುದು ನ್ಯಾಯವಲ್ಲ.

ಕರ್ನಾಟಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಚರ್ಮ ಬ್ಯಾಂಕ್ 2016ರಲ್ಲಿ ಆರಂಭವಾಯಿತು. ಚರ್ಮ ದಾನಕ್ಕೆ ರಕ್ತದ ಗುಂಪು ಹೊಂದಬೇಕಿಲ್ಲ. ಹೃದಯ ನಿಂತು ತೀರಿಕೊಂಡವರೂ, ಮನೆಯಲ್ಲೇ ತೀರಿಕೊಂಡವರೂ ಕೊಡಬಹುದು, ಹದಿನೆಂಟು ದಾಟಿದ್ದರೆ ಸಾಕು. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್‌ನಂಥವು ಇರಬಾರದು. ಸಾವಾದ ಆರು ಗಂಟೆಯೊಳಗೆ ತಂಡ ಬಂದು ತೊಡೆ, ಕಾಲು, ಬೆನ್ನಿನಿಂದ ತೆಳುವಾದ ಪದರವಷ್ಟೇ ತೆಗೆಯುತ್ತದೆ. ರಕ್ತ ಸುರಿಯುವುದಿಲ್ಲ, ಬಟ್ಟೆ ಸುತ್ತಿ ಕೊಟ್ಟರೆ ದೇಹ ವಿಕಾರವಾಗಿ ಕಾಣುವುದೂ ಇಲ್ಲ. ಗ್ಲಿಸರಾಲ್‌ನಲ್ಲಿ ತಣ್ಣಗೆ ಇಟ್ಟ ಚರ್ಮ ಐದು ವರ್ಷದವರೆಗೆ ಬಳಕೆಗೆ ಬರುತ್ತದೆ. ಕಣ್ಣು ದಾನಕ್ಕೆ ಮನೆಮನೆಯಲ್ಲಿ ಇರುವ ತಿಳಿವಳಿಕೆ ಇದಕ್ಕೂ ಬಂದರೆ, ಹುಬ್ಬಳ್ಳಿ, ಮಂಗಳೂರು, ಕಲಬುರಗಿಯ ವೈದ್ಯಕೀಯ ಕಾಲೇಜುಗಳಿಗೂ ಬ್ಯಾಂಕ್ ಬಂದರೆ, ಯಾವ ಹೊಸ ಆವಿಷ್ಕಾರಕ್ಕೂ ಕಾಯದೆ ಜೀವಗಳು ಉಳಿಯುತ್ತವೆ. ಸುಟ್ಟ ಕೂಡಲೇ ಇಂಕು, ಟೂತ್‌ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಹಿಡಿದರೆ ಗಾಯದ ಆಳವೇ ಕಡಿಮೆಯಾಗುತ್ತದೆ. ಎಷ್ಟೋ ಮಂದಿಗೆ ಕಸಿಯೇ ಬೇಕಾಗದೆ ಹೋಗಬಹುದು.

ಕೊನೆಗೆ ಹಣದ ವಿಷಯ. ಒಬ್ಬ ರೋಗಿಯ ಜೀವಕೋಶವನ್ನು ಇನ್ನೊಬ್ಬರದರೊಂದಿಗೆ ಬೆರೆಯದಂತೆ, ಒಂದು ಬ್ಯಾಕ್ಟೀರಿಯಾವೂ ಸೇರದಂತೆ ವಾರಗಟ್ಟಲೆ ಬೆಳೆಸುವ ಪ್ರಯೋಗಾಲಯ ನಡೆಸುವುದಕ್ಕೆ ಪ್ರಿಂಟರ್‌ಗಿಂತ ಹೆಚ್ಚು ಖರ್ಚು. ಅದನ್ನು ಖಾಸಗಿಗೇ ಬಿಟ್ಟರೆ ವಿಮೆಯಿದ್ದವರ ಮುಖಕ್ಕೆ ಚರ್ಮ ಸಿಗುತ್ತದೆ, ಸ್ಟೌ ಸಿಡಿದು ಸುಟ್ಟುಕೊಂಡವರಿಗೆ ಸಿಗುವುದಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜೊಂದರಲ್ಲಿ ಅಂಥ ಒಂದು ಪ್ರಯೋಗಾಲಯ ಕಟ್ಟುವುದು ಈಗಲೇ ಯೋಚಿಸಬೇಕಾದ ಕೆಲಸ.

ಈ ನಡುವೆ ಯಾರಾದರೂ ಮುದ್ರಿತ ಚರ್ಮ, ಕಾಂಡಕೋಶದ (ಸ್ಟೆಮ್ ಸೆಲ್) ಚರ್ಮ ಎಂದು ಹೇಳಿ ಹಣ ಕೇಳಿದರೆ ಮೊದಲು ಕೇಳಬೇಕಾದದ್ದು: ಇದಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಇದೆಯೇ? ಪರೀಕ್ಷೆಯ ಹಂತದಲ್ಲಿದ್ದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಏನು? ಆ ನೋಂದಣಿ ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿದೆ. ಪರೀಕ್ಷೆಗೆ ಒಳಗಾಗುವ ರೋಗಿಯಿಂದ ಆ ಪ್ರಯೋಗದ ಚಿಕಿತ್ಸೆಗೆ ಹಣ ಪಡೆಯಬಾರದು, ಅದರಿಂದ ಹಾನಿಯಾದರೆ ನಡೆಸುವವರೇ ಉಚಿತವಾಗಿ ಚಿಕಿತ್ಸೆ ಕೊಡಿಸಬೇಕು. ಹಣ ಕೇಳಿದವರಿಂದ ಈ ಎರಡು ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಅಲ್ಲಿಂದ ಎದ್ದು, ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋಗುವುದು ಒಳ್ಳೆಯದು.